ಗಿರಣಿವಾಡಿಯ ಬಿಸಿನೀರು

ಲಾಲಪ್ಪನ ಸೊಂಟ ಹಿಡಿದುಕೊಂಡದ್ದೇ ಎಲ್ಲದಕ್ಕೂ ಮೂಲ. ಪಕ್ಕದ ಹುಡಗಿ ಎಂಬ ಊರಿನ ಹೊಲವೊಂದರಲ್ಲಿ ಜೋಳದ ಚೀಲ ಎತ್ತಲು ಬಗ್ಗಿದವನು, ಬಗ್ಗಿದಂತೆಯೇ ಗಿರಣಿವಾಡಿಗೆ ನಡೆದು ಬಂದ. ದಾರಿಯಲ್ಲಿ ಸಿಕ್ಕವರು ಇವನು ತಮಗೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ತಾವೂ ಕೈಮುಗಿದರು.

ಬಿಸಿನೀರು ಸುರಿದುಕೊಂಡರೆ ಬಿಡುತ್ತದೆ ಎಂದಳು ಹೆಂಡತಿ ಸುಗಂಧಾ. ಆದರೆ ಮನೆಯಲ್ಲಿದ್ದ ಕಟ್ಟಿಗೆ ರೊಟ್ಟಿ ಸುಡುವುದಕ್ಕೇ ಸಾಲುತ್ತಿರಲಿಲ್ಲ.

ಊರಿಗೆ ಹೆಸರು ಕೊಟ್ಟ ಉಣ್ಣೆ ಗಿರಣಿ ನಿಂತು ಎರಡು ವರ್ಷವಾಗಿತ್ತು. ಸೀಮೆಯಲ್ಲಿ ಗಲಾಟೆ ಎದ್ದ ದಿನಗಳಲ್ಲಿ ಮುಂಬಯಿಗೆ ಹೋದ ಮಾಲೀಕ ಮರಳಿ ಬರಲಿಲ್ಲ. ಕೆಲಸ ಹೋದರೂ ಜನ ಗಿರಣಿಯ ಚಾಳಿನ ಸಾಲುಮನೆಗಳಲ್ಲೇ ಉಳಿದರು. ಗುಡ್ಡದ ಝರಿಯಿಂದ ಗಿರಣಿಯ ಅಂಗಳಕ್ಕೆ ಬರುವ ನಳವೇ ಎಲ್ಲರಿಗೂ ಕುಡಿಯುವ ನೀರು. ಗೋದಾಮಿನಲ್ಲಿ ಮದುವೆಯ ಊಟ, ಉಣ್ಣೆ ಒಣಗಿಸುತ್ತಿದ್ದ ಕಟ್ಟೆಯ ಮೇಲೆ ಮೆಣಸಿನಕಾಯಿ. ಸರ್ಕಾರದವರು ಒಂದು ದಿನ ಬಂದು ಗೇಟಿಗೆ ಬೀಗ ಜಡಿದರೆ ನಳವೂ ಹೋಯಿತು ಎಂಬ ಹೆದರಿಕೆ ಮಾತ್ರ ಊರನ್ನು ಬಿಟ್ಟಿರಲಿಲ್ಲ.

ಗಿರಣಿಯ ಹಿಂಭಾಗದಲ್ಲಿ ಉಣ್ಣೆ ತೊಳೆಯುವ ಕೋಣೆ. ಅಲ್ಲೊಂದು ಎಮ್ಮೆ ಮುಳುಗುವಷ್ಟು ದೊಡ್ಡ ಹಂಡೆ. ಮರುದಿನ ಬೆಳಿಗ್ಗೆ, ಕೊರೆಯುವ ಚಳಿಯಲ್ಲಿ, ಲಾಲಪ್ಪ ಹೊಲದಲ್ಲಿ ಉಳಿದಿದ್ದ ತೊಗರಿ ಕಟ್ಟಿಗೆ ಎಳೆದುಕೊಂಡು ಹೋಗಿ, ನಳ ತಿರುಗಿಸಿ ಹಂಡೆ ತುಂಬಿಸಿ, ಒಲೆ ಹೊತ್ತಿಸಿದ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ. ಒಲೆಯ ಹೊಗೆ ಗಿರಣಿಯ ಚಿಮಣಿಗೆ ಹೋಗುತ್ತದೆ, ಚಿಮಣಿ ಸುತ್ತಲ ಹಳ್ಳಿಗಳಿಗೆಲ್ಲ ಕಾಣುತ್ತದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಅಂಗಿ ಕಳಚಿ, ನೀರಿಗೆ ಬೆರಳದ್ದಿ ನೋಡುತ್ತಿದ್ದಾಗ ಪಕ್ಕದ ಮನೆಯ ಕೇಶರಬಾಯಿ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕೈಯಲ್ಲಿ ರೊಟ್ಟಿ ಗಂಟು ಹಿಡಿದಿದ್ದಳು.

"ಲಾಲಪ್ಪಣ್ಣ, ಗಿರಣಿ ಚಾಲೂ ಆಗ್ಯಾದಂತ ನಮಗ ಒಂದ್ ಮಾತ ಹೇಳಬಾರದೇನು?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಹಿಂದೆ, ಗಿರಣಿಯಲ್ಲಿ ಎಲ್ಲರ ಕೆಲಸ ನೋಡಿಕೊಳ್ಳುತ್ತಿದ್ದ ಅಜೀಮುದ್ದೀನ್ ಮೇಸ್ತ್ರಿ ಬಂದ. ಪೆಟ್ಟಿಗೆಯಿಂದ ತೆಗೆದ ಖಾಕಿ ಕೋಟಿನಲ್ಲಿ ಮದುಮಗನಂತೆ ಮಿಂಚುತ್ತಿದ್ದ. ಕೆಲಸದ ವೇಳೆ ಬರಿಮೈಯಲ್ಲಿ ನಿಂತದ್ದಕ್ಕೆ ಲಾಲಪ್ಪನನ್ನು ಗದರಿಸಿ, ಉರಿ ಸಾಲದೆಂದು ತಾನೇ ನಾಲ್ಕು ಕಟ್ಟಿಗೆ ತುರುಕಿದ. ಹೊರಗೆ ಜನ ಸೇರುತ್ತಲೇ ಇದ್ದರು. ಯಾರೋ ಅಂಗಳ ಗುಡಿಸಿದರು, ಯಾರೋ ಗೇಟಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ಹುಡಗಿ ಊರಿನಿಂದಲೂ ಕೆಲಸ ಕೇಳಿಕೊಂಡು ಜನ ಬಂದರು. ಅವರ ಮುಖದ ಬೆಳಕು ನೋಡಿ ಲಾಲಪ್ಪ ನಿಜ ಹೇಳದೆ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟ.

ಮಾಲೀಕರು ಎಷ್ಟೊತ್ತಿಗೆ ಬರುತ್ತಾರೆ ಎಂದು ಮೇಸ್ತ್ರಿ ಕೇಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ಮಾಲೀಕನೂ ಇಲ್ಲ, ಯಾರೂ ಇಲ್ಲ ಮೇಸ್ತ್ರಿ. ಸೊಂಟ ಹಿಡದಾದ. ಜಳಕಾ ಮಾಡಬೇಕಂತ ಬಂದೀನ್ರಿ."

ಮೇಸ್ತ್ರಿ ಕೋಟಿನ ಗುಂಡಿ ಬಿಚ್ಚತೊಡಗಿದ. ಈಗ ಹೊಡೆತ ಬೀಳುತ್ತದೆಂದು ಲಾಲಪ್ಪ ಕಣ್ಣು ಮುಚ್ಚಿದ. ಕೇಶರಬಾಯಿ ಮಾತ್ರ ಆವಿಯಾಡುವ ಹಂಡೆಯನ್ನೇ ನೋಡುತ್ತಿದ್ದಳು.

"ನೀರು ಕಾದಾವೇನು?" ಎಂದಳು.

ಆ ಚಳಿಗಾಲದಲ್ಲಿ ಚಾಳಿನ ಒಬ್ಬರೂ ಮನಸಾರೆ ಬಿಸಿನೀರು ಕಂಡಿರಲಿಲ್ಲ. ಹಳೆಯ ಕಂಬಳಿ ಪರದೆಯಾಯಿತು. ಮೊದಲು ಹೆಂಗಸರು, ಆಮೇಲೆ ಮುದುಕರು, ಜಳಕ ಮಾಡುವವರೆಲ್ಲ ಒಂದು ಹಿಡಿ ಕಟ್ಟಿಗೆ ತರಬೇಕು ಎಂದು ಮೇಸ್ತ್ರಿ ಸಾಲು ಹಚ್ಚಿದ. ಉರಿ ನೋಡಿಕೊಳ್ಳುವ ಕೆಲಸ ಒಲೆ ಹೊತ್ತಿಸಿದವನ ಪಾಲಿಗೇ ಬಂತು. ಲಾಲಪ್ಪ ತನ್ನ ಜಳಕಕ್ಕೆಂದು ಎದ್ದು ನಿಂತಾಗಲೆಲ್ಲ ಇನ್ನೊಬ್ಬ ಮುದುಕ ಕೆಮ್ಮುತ್ತ ಬಂದು ಮುಂದೆ ನಿಲ್ಲುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಹುಮನಾಬಾದಿನ ಕಡೆಯಿಂದ ಟಾಂಗಾ ಬಂದು ನಿಂತಿತು. ಇಳಿದವರು ಕಂದಾಯ ಇಲಾಖೆಯ ಅಧಿಕಾರಿ, ಗಿರದಾವರ ಸಾಹೇಬರು. ಹುಬ್ಬಿನವರೆಗೆ ಕೆಂಪು ಧೂಳು, ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬೀಗ.

"ಬೀಗ ಹಾಕೋ ಜಾಗಾದಾಗ ಬೆಂಕಿ ಹಚ್ಚಿದವರು ಯಾರು?"

ಸಾಲಿನಲ್ಲಿದ್ದ ಕೈಗಳೆಲ್ಲ ಲಾಲಪ್ಪನತ್ತ ತಿರುಗಿದವು. ಅವನು ಸೊಂಟದಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದ. ಸಾಹೇಬರು ಕಂಬಳಿ ಸರಿಸಿ ಒಳಗೆ ಇಣುಕಿದರು. ಬಿಸಿ ಆವಿ ಮುಖಕ್ಕೆ ಹೊಡೆಯಿತು. ಹುಬ್ಬಿನ ಧೂಳು ಒರೆಸಿಕೊಂಡು, ದನಿ ತಗ್ಗಿಸಿ, ಇನ್ನೊಂದು ಬಕೀಟು ಸಿಗಬಹುದೇ ಎಂದು ಕೇಳಿದರು.

ಹಂಡೆಯ ತಳ ಕೆರೆದು ಲಾಲಪ್ಪ ಬಕೀಟು ತುಂಬಿಸಿಕೊಟ್ಟ. ಒಳಗಿನಿಂದ ನೀರಿನ ಸದ್ದು, ಜೊತೆಗೆ ಭಜನೆಯ ಗುನುಗು ಕೇಳಿಬಂತು. ಹೊರಗೆ ಕಲ್ಲಿನ ಮೇಲಿದ್ದ ಬೀಗದ ಸುತ್ತ ಇಡೀ ಊರು ಕಾಯುತ್ತ ನಿಂತಿತ್ತು.

ಸಾಹೇಬರು ಸಿಪ್ಪೆ ಸುಲಿದ ಗೆಣಸಿನಂತೆ ಹೊಳೆಯುತ್ತ ಹೊರಬಂದರು. ಜನರ ಉಪಯೋಗದಲ್ಲಿರುವ ಜಾಗಕ್ಕೆ ಬೀಗ ಹಾಕುವುದು ಸರಿಯಲ್ಲವೆಂದು ಮೇಲಿನವರಿಗೆ ಹೇಳುತ್ತೇನೆ, ನಳವೂ ಇರಲಿ, ಹಂಡೆಯೂ ಇರಲಿ ಎಂದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಸ್ತ್ರಿ ಗುಂಡಿಗಳನ್ನು ಮತ್ತೆ ಹಾಕಿಕೊಂಡ.

ಸಂತೋಷದಲ್ಲಿ ಲಾಲಪ್ಪನಿಗೆ ನೋವೂ ಮರೆತಂತಾಯಿತು. ಇನ್ನೂ ಆರದ ಕೂದಲು ಕಟ್ಟುತ್ತ ಬಂದ ಸುಗಂಧಾ ಗಂಡನ ಮಸಿ ಮೆತ್ತಿದ ಮುಖ ನೋಡಿ ಮರುಗಿದಳು.

"ನಾಳಿಗಿ ಎಲ್ಲಾರಗಿಂತ ಮೊದಲ ನೀವೇ ಮಾಡ್ರಿ."

ಅವನು ತಲೆಯಾಡಿಸುವಷ್ಟರಲ್ಲಿ ಟಾಂಗಾದಿಂದ ಸಾಹೇಬರು ಕೂಗಿ ಕರೆದರು.

"ನಾಳಿಗಿ ಮನ್ಯಾವರಿಗೆಲ್ಲ ಕರಕೊಂಡು ಬರ್ತೀನಿ. ನಸುಕಿನ್ಯಾಗೇ ಉರಿ ಹಚ್ಚು. ಮೊದಲಿನ ನೀರು ನಮಗ ಇಡು."

"ಹೌದ್ರಿ," ಎಂದ ಲಾಲಪ್ಪ.