ಬಾಗಿಲು ಹಾಕಿಕೊಳ್ಳದ ಕೇರಿ

ಕಾರವಾರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ವೈರಸ್ಸಿನಿಂದ ಆದ ತೊಂದರೆ ಕಡಿಮೆ. ಅದರ ವಿಷಯ ನಾಲ್ಕು ಜನರಿಗೆ ತಿಳಿಸಿ ಹೇಳಲು ಹೋದಾಗಲೆಲ್ಲ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಬೊಬ್ಬೆ ಹೊಡೆದ ಕೋಶ

"ವೈರಸ್ ಒಳನುಗ್ಗಿದ ಕೂಡಲೇ ಜೀವಕೋಶದ ಕಿಣ್ವ ಅದನ್ನು ಗುರುತು ಹಿಡಿದು ಪುಟ್ಟದೊಂದು ಅಣು ತಯಾರಿಸುತ್ತದೆ. ಅದೇ ಅಪಾಯದ ಗಂಟೆ. ಆಗ ಕೋಶ ಅಕ್ಕಪಕ್ಕಕ್ಕೆ ಬೊಬ್ಬೆ ಹೊಡೆಯುತ್ತದೆ, ನೆರೆಯ ಕೋಶಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ" ಎಂದೆ ತರಗತಿಯಲ್ಲಿ.

ಬೈತಖೋಲದಿಂದ ಬರುವ ಹುಡುಗಿಯೊಬ್ಬಳು ಎದ್ದಳು. "ಬೊಬ್ಬೆ ಹೊಡ್ದ ಕೋಶದ ಕತೆ ಎಂತ ಸರ್?"

"ಬಹಳ ಸಲ ಸಾಯುತ್ತದೆ."

ಅಂದಿನಿಂದ ನಾನು ಪ್ರಶ್ನೆ ಕೇಳಿದರೆ ತರಗತಿಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ.

೨. ಎಳನೀರು

ಮರುವಾರ ಶೆಟಗೇರಿಯಲ್ಲಿರುವ ಅಕ್ಕನ ಮಗಳಿಗೆ ವೈರಲ್ ಜ್ವರ. ಭಾನುವಾರ ಕಾರವಾರದಲ್ಲಿ ಅವಳ ಮದುವೆ. ಸೋದರಮಾವನಾದ ನಾನೇ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ನಾನು ಶೆಟಗೇರಿಗೆ ಓಡಿದಾಗ, ಹುಡುಗಿ ಏಳದಿದ್ದರೆ ಗತಿಯೇನೆಂದು ಅಕ್ಕ ಅಳುತ್ತಿದ್ದಳು. ನನಗೂ ಹೆದರಿಕೆಯಾಗಿತ್ತು.

ನಮ್ಮಲ್ಲಿ ಜ್ವರ ಬಂದವರನ್ನು ನೋಡಲು ಎಳನೀರು ಹಿಡಿದು ಹೋಗದಿದ್ದರೆ ಅದು ವರ್ಷಗಟ್ಟಲೆ ಮಾತಾಗುತ್ತದೆ. ನಾನು ಕಿಣ್ವದ ಕತೆಯನ್ನೆಲ್ಲ ಹೇಳಿ, ಯಾರೂ ಬರಕೂಡದೆಂದು ಅಕ್ಕನ ಕೇರಿಗೆ ಸುದ್ದಿ ಮುಟ್ಟಿಸಿದೆ.

ಸಂಜೆಯೊಳಗೆ ಇಡೀ ಕೇರಿ ಬಂತು. "ಬರೂಕಾಗ ಅಂದ್ರಂತೆ, ಹೌದೇ?" ಎಂದು ಕೇಳುವುದಕ್ಕೆ. ಕೇಳಲು ಬಂದವರು ಎಳನೀರು ಇಟ್ಟು, ಹುಡುಗಿಯ ಹಣೆ ಮುಟ್ಟಿ, ಚಹ ಕುಡಿದು ಹೋದರು.

ಗುರುವಾರ ಹುಡುಗಿ ಎದ್ದು ಕೂತಳು. "ಅವಳ ಕೋಶಗಳು ಕೆಲಸ ಮಾಡಿದವು ನೋಡು" ಎಂದೆ.

"ನಿನ್ನ ಕಿಣ್ವ ಒಂದು ಎಳನೀರಾದ್ರೂ ತಂತಾ?" ಅಂದಳು ಅಕ್ಕ.

೩. ಸೋದರಮಾವ

ಶನಿವಾರ ಕಾರವಾರದ ಮನೆಯಲ್ಲಿ ನಾನು ಜ್ವರ ಹಿಡಿದು ಮಲಗಿದೆ. ಶೆಟಗೇರಿಯಲ್ಲಿ ಅರ್ಧ ಕೇರಿಯೂ ಮಲಗಿತು. ಹುಡುಗಿಯನ್ನು ಎತ್ತಿ ಆಡಿಸಿದವನು ನಾನು, ಅವಳ ಮದುವೆಗೆ ಇಲ್ಲವಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೂ ನನ್ನ ಪಾಠಕ್ಕೆ ನಾನಾದರೂ ಬೆಲೆ ಕೊಡಬೇಕಲ್ಲ. ಬರುವುದಿಲ್ಲವೆಂದು ಫೋನು ಮಾಡಿ ತಿಳಿಸಿ, ಬಾಗಿಲು ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ ನನ್ನ ಮನೆಯ ಮುಂದೆ ಮದುವೆಗೆ ಹೊರಟ ಬಸ್ಸು ನಿಂತಿತು. ಮದುಮಗಳು, ಅಕ್ಕ, ಕೇರಿಯಲ್ಲಿ ಮಲಗದೆ ಉಳಿದವರೆಲ್ಲ ಇಳಿದರು. ಎಲ್ಲರ ಕೈಯಲ್ಲೂ ಎಳನೀರು.

ಕಿಟಕಿಯಿಂದಲೇ ಬೊಬ್ಬೆ ಹೊಡೆದೆ. "ಹತ್ತಿರ ಬರಬೇಡಿ! ಎಲ್ಲರೂ ದೂರ ಹೋಗಿ!"

ಅಕ್ಕನ ಮುಖ ಬಾಡಿತು. ಬಸ್ಸಿನತ್ತ ತಿರುಗಿ ಹೇಳಿದಳು:

"ಜ್ವರ ತಲೆಗೇರಿದೆ ಪಾಪ, ಒಬ್ಬನೇ ಬಿಡೂಕಾಗ. ಎಲ್ಲರೂ ಒಳಗೆ ಬನ್ನಿ."