ಎರಡೂವರೆ ಮೈಲಿ ಹುಣಸೆಬೀಜ

ಮೋಟಾರಿನ ದಾರಿಯನ್ನು ಎರಡೂವರೆ ಮೈಲಿ ಒಳಕ್ಕೆ ಬಗ್ಗಿಸೋದಕ್ಕೆ ನನಗೆ ತಗುಲಿದ್ದು ಇಷ್ಟು: ಒಂದು ಜೊತೆ ಕರೀ ಕಂಬಳಿ, ನಾಲ್ಕು ಸೇರು ತುಪ್ಪ, ಆಮೇಲೆ ಒಂದು ವರ್ಷ ಪೂರ್ತಿ ಹುಣಸೆಹಣ್ಣಿನ ಮೂಟೆಗೆ ಗಾಡಿ ಬಾಡಿಗೆಗಿಂತ ಎರಡಾಣೆ ಹೆಚ್ಚು. ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೆ ಮೂರು ಸುತ್ತು ಚೌಕಾಸಿ ಮಾಡೋ ನಾನು ಇಷ್ಟನ್ನು ಯಾಕೆ ಕಳಕೊಂಡೆ? ಕಾರಣ ನಮ್ಮ ಸೋದರಮಾವ. ಒಂದು ದಿನವೂ ಮೋಟಾರು ಹತ್ತದ ಆ ಮನುಷ್ಯ ನಮ್ಮ ಸೀಮೆಯ ಮೋಟಾರಿಗೆ ದಾರಿ ಕಲಿಸಿದರು ಅಂದರೆ ನಂಬ್ತೀರಾ? ನಂಬಬೇಡಿ. ಮೊದಲು ಪೂರ್ತಿ ಕೇಳಿ, ಆಮೇಲೆ ನಂಬಿ. ವ್ಯಾಪಾರದಲ್ಲೂ ಅದೇ ಕ್ರಮ.

ಆಗ ದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ದಿನಕ್ಕೊಂದು ಮೋಟಾರು ಹೊಸದಾಗಿ ಶುರುವಾಗಿತ್ತು. ಮಾವನ ಮನೆ ದೊಡ್ಡ ರಸ್ತೆಯ ಪಕ್ಕದಲ್ಲೇ. ಕೈ ಅಡ್ಡ ಹಿಡಿದರೆ ಸಾಕು, ಮೋಟಾರು ಜಗಲಿಗೇ ಬಂದು ನಿಲ್ಲುತ್ತಿತ್ತು. ಆದರೆ ಇವರು ಅದು ಬಂದಾಗಲೆಲ್ಲ ಎಮ್ಮೆ ಮೈ ತೊಳೆಯೋ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದರು. ಒಮ್ಮೆ ಹೊಳಲ್ಕೆರೆಗೆ ನಡೆದೇ ಹೊರಟರು. ದಾರಿಯಲ್ಲಿ ಮೋಟಾರು ಇವರನ್ನು ಹಿಂದೆ ಹಾಕಿತು, ಮುಂದೆ ಹೋಗಿ ಕೆಟ್ಟು ನಿಂತಿತು. ಇವರು ಅದನ್ನು ದಾಟಿ ಹೋಗಿ, ಊರು ಸೇರಿ, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಮೇಲೆ ಮೋಟಾರು ಬಂತಂತೆ. ಯಾರೋ ಕೇಳಿದ್ದಕ್ಕೆ, “ಪಾಪ, ಅದಕ್ಕೂ ಕಾಲು ನೋವು ಬಂದಿತ್ತಪ್ಪ” ಅಂದರು.

ಇಂಥ ಮನುಷ್ಯ ಒಂದು ದಿನ ಹೊಸದುರ್ಗದ ನನ್ನ ಹುಣಸೆಹಣ್ಣಿನ ಅಂಗಡಿಗೆ ಬಂದು, ಮೋಟಾರು ಗುಡ್ಡದಹಟ್ಟಿಯ ಮೇಲೆ ಹೋಗಬೇಕು ಅಂದರು. ಹಟ್ಟಿ ಇರೋದು ದೊಡ್ಡ ರಸ್ತೆಯಿಂದ ಎರಡೂವರೆ ಮೈಲಿ ಒಳಕ್ಕೆ. ಮೋಟಾರು ಮೊದಲೇ ಒಳಕ್ಕೆ ತಿರುಗಿ, ಇನ್ನೆರಡು ಹಳ್ಳಿ ಮುಟ್ಟಿ, ಹಟ್ಟಿಗೆ ಬಂದು, ಮತ್ತೆ ದೊಡ್ಡ ರಸ್ತೆ ಸೇರಬಹುದು ಅನ್ನೋದು ಅವರ ಲೆಕ್ಕ. ಮೂರು ಹಳ್ಳಿಗೆ ಅನುಕೂಲ, ನಿಜ. ಆದರೆ ಹಟ್ಟಿಯಲ್ಲಿ ನನ್ನ ಚಿಕ್ಕಮ್ಮ, ಅಂದರೆ ಮಾವನ ತಂಗಿ, ಇದ್ದರು. ಕಣದಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಎತ್ತಿನಗಾಡಿಯ ಕುಲುಕಾಟ ತಡೆಯಲಾರದೆ ಒಂಬತ್ತು ಗೌರಿಹಬ್ಬಕ್ಕೆ ತವರಿಗೆ ಬಂದಿರಲಿಲ್ಲ. ಮಾವನೇ ಪ್ರತಿ ವರ್ಷ ಬಾಗಿನ ಹೊತ್ತು ನಡೆದು ಹೋಗಿ ಕೊಟ್ಟು ಬರುತ್ತಿದ್ದರು.

“ಗಾಡಿ ಕುಲುಕೋ ದಾರೀಲಿ ಮೋಟಾರು ಕುಲುಕಲ್ವಾ ಮಾವ?” ಅಂದೆ.

ಅವರು ನನ್ನ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹುಣಸೆಬೀಜ ಒಂದು ಹಿಡಿ ಜೇಬಿಗೆ ಹಾಕಿಕೊಂಡು ಹೋದರು.

ದಾರಿ ಅಳೆಯೋಕೆ! ನೂರು ಹೆಜ್ಜೆಗೆ ಒಂದು ಬೀಜ ಬಲಜೇಬಿನಿಂದ ಎಡಜೇಬಿಗೆ. ಅಳೆದು ಮುಗಿಸಿ, ಎಡಜೇಬಿನ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನಮ್ಮ ಮನೆಯಲ್ಲಿಟ್ಟರು. ನನ್ನ ಹೆಂಡತಿಗೇನು ಗೊತ್ತು? ಹೆಂಚಿನ ಮೇಲೆ ಹುರಿದಳು. ಮಾರನೇ ದಿನ ಮಾವ ಬಂದಾಗ ನಾನು ಕಟಕಟ ಅಗಿಯುತ್ತಾ ಕೂತಿದ್ದೆ.

“ಲೇ ಅಳಿಯ, ಹಳ್ಳದವರೆಗೂ ದಾರಿ ನುಂಗಿಬಿಟ್ಯಲ್ಲೋ” ಅಂದರು. ಬೈಯಲಿಲ್ಲ. ಹೊಸ ಬೀಜ ತುಂಬಿಕೊಂಡು ಮತ್ತೆ ಅಳೆಯೋಕೆ ಹೊರಟರು.

ಅಳತೆ ಸಮೇತ ಅಮಲ್ದಾರರಿಗೆ ಅರ್ಜಿ ಹೋಯಿತು. ಅರ್ಜಿಯ ಜೊತೆಗೆ ಬೀಜದ ಗಂಟೂ ಹೋಯಿತು, ಪುರಾವೆಗೆ. ಅಮಲ್ದಾರರು ಗಂಟು ಬಿಚ್ಚಿ ನೋಡಿ, ರಸ್ತೆ ಮಾತ್ರ ನಮ್ಮದು, ಮೋಟಾರು ಸಾವ್ಕಾರರದ್ದು, ಅವರನ್ನು ಕೇಳಿ ಅಂತ ಕಳಿಸಿದರು. ಗಂಟು ವಾಪಸ್ ಕೊಟ್ಟರು ಅನ್ನೋದೇ ದೊಡ್ಡದು. ಸರ್ಕಾರಕ್ಕೆ ಹೋದದ್ದು ಪೂರ್ತಿ ವಾಪಸ್ ಬಂದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಮೋಟಾರಿನ ಸಾವ್ಕಾರರ ಹತ್ತಿರ ನಾನೇ ಹೋದೆ. ಅಲ್ಲಿಗೆ ಹೋದವು ಆ ಕಂಬಳಿ, ಆ ತುಪ್ಪ. ಕೊನೆಗೆ ಅವರು ಒಂದು ದಿನ ಸ್ವತಃ ಬಂದು ಹಟ್ಟಿಯ ಜನಸಂಖ್ಯೆ ನೋಡಿಕೊಂಡು ಹೋಗೋದಕ್ಕೆ ಒಪ್ಪಿದರು. ಅವತ್ತು ಹಟ್ಟಿಯಿಂದ ಮೂರು ಜನ ದುರ್ಗಕ್ಕೆ ಹೋಗೋರಿದ್ದರು. ಆದರೆ ನಮ್ಮ ಕಡೆ ಒಬ್ಬ ಪರಊರಿಗೆ ಹೊರಟರೆ ಊರೇ ಕಳಿಸೋಕೆ ಬರಬೇಡವೇ? ಮೋಟಾರು ಬಂದು ನಿಂತಾಗ ಊರಬಾಗಿಲಲ್ಲಿ ಬುಟ್ಟಿ, ಗಂಟು, ಮಜ್ಜಿಗೆ ಚೊಂಬು, ಕಂಕುಳ ಕೂಸು ಸಮೇತ ಅರವತ್ತು ಜನ! ಸಾವ್ಕಾರರ ಮುಖ ಹುಣ್ಣಿಮೆಯಾಯಿತು. ಎರಡು ಮೋಟಾರು ಬಿಡಬೇಕಾಗುತ್ತೋ ಏನೋ ಅಂತ ಡ್ರೈವರಿಗೆ ಹೇಳುತ್ತಿದ್ದರು. ಅವತ್ತೇ ಮಾತು ಕೊಟ್ಟರು. ಇವರಲ್ಲಿ ಹತ್ತೋರು ಎಷ್ಟು, ಕಳಿಸೋರು ಎಷ್ಟು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡೋನು ವ್ಯಾಪಾರ ಮಾಡಬಾರದು.

ಮೋಟಾರು ಹಟ್ಟಿಗೆ ಬರತೊಡಗಿತು. ಬಂದು ನಿಂತರೆ ಅರ್ಧ ಗಂಟೆ! ಹತ್ತಿದವರಿಗೆ ಕುಂಕುಮ ಇಡಬೇಕು, ಮಡಿಲು ತುಂಬಬೇಕು, ಚಟ್ನಿಪುಡಿ ಮರೆತು ಬಂದದ್ದಕ್ಕೆ ಒಬ್ಬಳು ಮನೆಗೆ ಓಡಬೇಕು. ಡ್ರೈವರು ಸಿಟ್ಟಿಗೆದ್ದು ಹಾರನ್ನು ಒತ್ತಿದರೆ, ಅವನೂ ಹೋಗಿ ಬರ್ತೀನಿ ಅಂತಿದಾನೆ ಅಂದುಕೊಂಡು ಎಲ್ಲರೂ ಅವನಿಗೂ ಕೈ ಬೀಸೋರು. ಒಳಗೆ ಕೂತ ಹೊಳಲ್ಕೆರೆಯ ವಕೀಲರೊಬ್ಬರು ದಿನಾ ಶಾಪ ಹಾಕೋರು. ಒಂದು ದಿನ ಅವರ ಮಡಿಲಿಗೂ ಯಾರೋ ಎರಡು ತೆಂಗಿನಕಾಯಿ ಹಾಕಿದ ಮೇಲೆ ಸುಮ್ಮನಾದರು.

ಗೌರಿಹಬ್ಬಕ್ಕೆ ಹತ್ತು ದಿನ ಇರುವಾಗ ಸಾವ್ಕಾರರು ನನ್ನ ಅಂಗಡಿಗೆ ಬಂದರು. ಮಾವನೂ ಅಲ್ಲೇ ಇದ್ದರು. ಕುಂತ್ಕಳ್ರಿ ಅಂದರೂ ಸಾವ್ಕಾರರು ಕೂರಲಿಲ್ಲ.

“ಅರವತ್ತು ಜನ ನಿಂತಿರ್ತಾರೆ, ಹತ್ತೋನು ಒಬ್ಬ. ಇದೇನ್ರಿ ಮೋಸ? ನಾಳೆಯಿಂದ ನಾನು ನೆಟ್ಟಗೆ ಹೋಗ್ತೀನಿ.”

ಮಾವ ತಣ್ಣಗೆ ಅಂದರು: “ಮೋಸ ಏನೈತೆ ಸಾವ್ಕಾರ್ರೇ? ಹೋಗೋನು ಯಾವಾಗ್ಲೂ ಒಬ್ಬನೇ. ಕಳಿಸೋಕೆ ಅರವತ್ತು ಜನ ಅವ್ರೆ ಅಂದ್ರೆ ಅದು ಒಳ್ಳೇ ಊರು.”

ಸಾವ್ಕಾರರು ಇದಕ್ಕೆ ಕರಗೋ ಪೈಕಿ ಅಲ್ಲ. ನಾನಾದರೂ ಕರಗ್ತಿರಲಿಲ್ಲ. ಮಾವ ಹೆಗಲ ವಸ್ತ್ರ ಕೊಡವಿ ಎದ್ದರು. ಒಂಬತ್ತು ವರ್ಷ ಬಾಗಿನ ಹೊತ್ತ ಆ ಬೆನ್ನು ಬಾಗಿಲ ಕಡೆಗೆ ತಿರುಗಿದ್ದು ನೋಡಿ ನನ್ನ ಬಾಯಿಂದ ಮಾತು ಜಾರಿಬಿಟ್ಟಿತು: ಆ ಮೂರು ಹಳ್ಳಿಯ ನನ್ನ ಹುಣಸೆಹಣ್ಣೆಲ್ಲ ಇನ್ನು ಒಂದು ವರ್ಷ ನಿಮ್ಮ ಮೋಟಾರಿನ ತಲೆ ಮೇಲೇ ಹೋಗುತ್ತೆ. ಸಾವ್ಕಾರರು ಕೂತರು. ಚೌಕಾಸಿ ಆಯಿತು. ಜೀವನದಲ್ಲಿ ಒಂದೇ ಸಲ ನಾನು ಬೇಗ ಸೋತೆ.

ಹಬ್ಬದ ಹಿಂದಿನ ದಿನ ಚಿಕ್ಕಮ್ಮನನ್ನು ಕರೆತರೋಕೆ ನಾನು ಹಟ್ಟಿಗೆ ಹೋದೆ. ನಾಲ್ಕು ಜನ ಎತ್ತಿ ಕೂರಿಸಿದರು, ಅರವತ್ತು ಜನ ಕಳಿಸಿದರು. ಮೋಟಾರು ಹೊರಟು ಇಪ್ಪತ್ತು ಮಾರು ಹೋಗಿರಲಿಲ್ಲ, ನಿಂತಿತು. ಮುಂದೆ ಯಾರೋ ಬಗ್ಗಿಕೊಂಡಿದ್ದಾರೆ ಅಂದ ಡ್ರೈವರು.

ಮಾವ. ದಾರಿಯಲ್ಲಿನ ಕಲ್ಲು ಎತ್ತಿ ಎತ್ತಿ ಪಕ್ಕಕ್ಕೆ ಹಾಕುತ್ತಿದ್ದರು. ಬೆಳಗಿನ ಜಾವವೇ ಬಂದು ದೊಡ್ಡ ರಸ್ತೆಯ ತುದಿಯಿಂದ ಒಂದು ಸಲ ಆರಿಸಿದ್ದರಂತೆ. ಇದು ಎರಡನೇ ಸಲ. ಎರಡೂವರೆ ಮೈಲಿ ಅವರು ಮುಂದೆ ಮುಂದೆ, ಮೋಟಾರು ಹಿಂದೆ ಹಿಂದೆ, ಎತ್ತಿಗಿಂತ ನಿಧಾನ. ದೊಡ್ಡ ರಸ್ತೆ ಸಿಕ್ಕಿದ ಮೇಲೆ ಮಾವ ಪಕ್ಕಕ್ಕೆ ಸರಿದು ಕೈ ಬೀಸಿದರು. ಹತ್ತಿ ಬರ್ರಿ ಮಾವ ಅಂದೆ. “ಎಲ್ಲಾರೂ ಹತ್ತಿದ್ರೆ ಕಳಿಸೋರು ಯಾರಪ್ಪ?” ಅಂದರು.

ಹೀಗಾಗಿ ಅವರ ಮನೆಗೆ ನೆಂಟರೇ ಮೊದಲು ಬಂದರು, ಯಜಮಾನರು ಸಂಜೆಗೆ ನಡೆದು ಬಂದರು. ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು, ತವರಿನ ಹೊಸ್ತಿಲಲ್ಲಿ ಕಾಲಿಗೆ ನೀರಿನ ಚೊಂಬು ಹಿಡಿದು ನಿಂತಿದ್ದರು.

“ಹಳ್ಳದ ಹತ್ರ ನೀನೊಂದು ಕಲ್ಲು ಬಿಟ್ಟಿದ್ದೆ ಕಣಣ್ಣ.”

“ಗೊತ್ತು. ಬರೋ ವರ್ಷಕ್ಕೆ ಇರ್ಲಿ ಅಂತ ಬಿಟ್ಟೆ” ಅಂದ ಮಾವ ಮುಖ ತೊಳೆಯೋಕೆ ಬಹಳ ಹೊತ್ತು ತಗೊಂಡರು.

ನಿಮ್ಮೂರಿಗೂ ಮೋಟಾರು ಬರಬೇಕೇ? ಹಾಗಾದರೆ ಕೇಳಿ. ಬರೀ ಅರ್ಜಿ ನೆಚ್ಚಬೇಡಿ, ಸಾವ್ಕಾರರಿಗೆ ಮೂಟೆ ತೋರಿಸಿ. ಎರಡಾಣೆಯನ್ನು ಒಂದೂವರೆಗೆ ಇಳಿಸಿ, ನನ್ನ ಹಾಗೆ ಅವಸರಪಡಬೇಡಿ. ಅಳತೆಯ ಬೀಜ ಅಡಿಗೆಮನೆಯಿಂದ ದೂರ ಇಡಿ. ಕಳಿಸೋಕೆ ಧಾರಾಳವಾಗಿ ಹೋಗಿ, ಆದರೆ ಊರಬಾಗಿಲಲ್ಲಿ ಬರಿಗೈಯಲ್ಲಿ ನಿಲ್ಲಬೇಡಿ. ಮೋಟಾರು ಬರೋದಕ್ಕೆ ಮುಂಚೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಕಾಲಿಗೆ ಸಿಕ್ಕ ಕಲ್ಲನ್ನು ಎತ್ತಿ ಪಕ್ಕಕ್ಕೆ ಹಾಕಿ. ಒಳಗೆ ಕೂತವರ ಸೊಂಟ ಹೇಗಿದೆಯೋ, ಹೊರಗೆ ನಿಂತವರಿಗೆ ಗೊತ್ತಾಗೋದಿಲ್ಲ.