ಸ್ವಂತ ಪ್ರಶ್ನೆ ಇದ್ದರೆ ಕೇಳಿ

ಮೇಷ್ಟ್ರಾಗಿ, ಪಠ್ಯ ಬರೆಯುವವನಾಗಿ, ಈಗ ಮೇಷ್ಟ್ರುಗಳಿಗೇ ತರಬೇತಿ ಕೊಡುವವನಾಗಿ ಕೂಡ್ಲಿಗಿಯ ಸುತ್ತ ಅಲೆದು ಸವೆದಿದ್ದೇನೆ. ನಿವೃತ್ತಿಗೆ ಮುನ್ನ ನನ್ನದೊಂದೇ ಆಸೆ: ತರಗತಿಯಲ್ಲಿ ಒಂದು ಮಗುವಾದರೂ ಎದ್ದು ತನ್ನದೇ ಪ್ರಶ್ನೆ ಕೇಳಬೇಕು. ಇಂಥ ಆಸೆ ಇಟ್ಟುಕೊಂಡವನ ಪಾಡು ನಾಯಿಪಾಡು. ಆಗಾಗ ಏನಾದರೊಂದು ನಡೆದು, ನಗಬೇಕೋ ಅಳಬೇಕೋ ತಿಳಿಯದೆ ಬಸ್ಸು ಹತ್ತುತ್ತೇನೆ.

ತರಬೇತಿ

ಹರಪನಹಳ್ಳಿಯಲ್ಲಿ ಶಿಕ್ಷಕರ ಮುಂದೆ ನಿಂತು, ಮಕ್ಕಳು ಪ್ರಶ್ನೆ ಕೇಳಲಿ ಬಿಡಿ ಎಂದು ಗಂಟಲು ಹರಿದುಕೊಂಡೆ. ಹಿಂದಿನ ಸಾಲಿನ ಹಿರಿಯ ಶಿಕ್ಷಕರೊಬ್ಬರು ಎದ್ದರು.

"ಹುಡುಗ್ರು ಪ್ರಶ್ನೆ ಕೇಳ್ತಾ ಹೋದ್ರೆ ಪಾಠ ಯಾವಾಗ ಮುಗ್ಸೋದು ಸರ್?"

ಇಂಥದ್ದಕ್ಕೇ ಕಾಯುತ್ತಿದ್ದೆ. ಮಗುವಿನ ಕುತೂಹಲದಿಂದ ಹಿಡಿದು ಕಲಿಕೆಯ ಗುರಿಯವರೆಗೆ ವಿವರಿಸಿ, ಬೆವರು ಒರೆಸಿಕೊಂಡು ನೋಡಿದರೆ ಊಟದ ಹೊತ್ತು. ಹೇಳಬೇಕಾದದ್ದು ಅರ್ಧಕ್ಕರ್ಧ ಉಳಿದಿತ್ತು.

"ನೋಡಿದ್ರಾ ಸರ್, ನಾನು ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮ ಪಾಠಾನೇ ಮುಗೀಲಿಲ್ಲ" ಎಂದರು ಅವರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನ ತರಬೇತಿಯಲ್ಲಿ ಅವರಿಗೆ ಮನದಟ್ಟಾದದ್ದು ಅದೊಂದೇ.

ಪಠ್ಯ

ಪಠ್ಯ ಬರೆಯುವ ಸಮಿತಿಯಲ್ಲಿ ಜಗಳಾಡಿ ಪ್ರತಿ ಪಾಠದ ಕೊನೆಗೆ ಖಾಲಿ ಜಾಗ ಬಿಡಿಸಿದ್ದೆ. ಮೇಲೆ ಒಂದೇ ಸಾಲು: 'ನಿನ್ನ ಪ್ರಶ್ನೆಯನ್ನು ಇಲ್ಲಿ ಬರೆ.' ಪುಸ್ತಕ ಬಂದ ಸ್ವಲ್ಪ ದಿನಕ್ಕೇ ಕೊಟ್ಟೂರಿನ ಅಂಗಡಿಯಲ್ಲಿ ಅದರ ಗೈಡು ನೇತಾಡುತ್ತಿತ್ತು. ತೆಗೆದು ನೋಡಿದೆ. ನನ್ನ ಖಾಲಿ ಜಾಗವನ್ನೂ ಪುಣ್ಯಾತ್ಮರು ತುಂಬಿಸಿದ್ದರು: 'ನನ್ನ ಪ್ರಶ್ನೆ: ಮಳೆ ಹೇಗೆ ಬರುತ್ತದೆ?' ಹತ್ತಿರದ ಶಾಲೆಗೆ ಹೋದರೆ ಇಡೀ ತರಗತಿ ಮಳೆಯನ್ನೇ ಬರೆದಿತ್ತು. ನನಗೆ ಎದೆ ಒಡೆದಂತಾಯಿತು. ಅಲ್ಲಿನ ಮೇಡಂ ಸಮಾಧಾನ ಹೇಳಿದರು:

"ಸ್ವಂತ ಪ್ರಶ್ನಿ ಬರ್ದು, ಅದು ತಪ್ಪಾದ್ರ ಮಾರ್ಕ್ಸ್ ಯಾರು ಕೊಡ್ತಾರ್ರಿ?"

ಶಾಲೆ

ಮೊನ್ನೆ ಹೂವಿನಹಡಗಲಿ ಕಡೆಯ ಹಳ್ಳಿ ಶಾಲೆಗೆ ಹೋಗಿದ್ದೆ. ನಾನು ಬರುವ ಸುದ್ದಿ ಮೊದಲೇ ಮುಟ್ಟಿತ್ತು. "ಏನಾದ್ರೂ ಕೇಳ್ರಿ" ಎನ್ನುವುದೇ ತಡ, ಮುಂದಿನ ಸಾಲಿನ ಹುಡುಗಿ ಎದ್ದಳು.

"ಸರ್, ಮಲ್ಲಿಗಿ ಹೂವು ಸಂಜೀಗೇ ಯಾಕ ಅರಳ್ತೈತ್ರಿ?"

ಕಣ್ಣಲ್ಲಿ ನೀರು ಬಂತು. ಇದಕ್ಕಲ್ಲವೇ ಇಷ್ಟು ವರ್ಷ ಮಣ್ಣು ಹೊತ್ತದ್ದು! "ಭಾಳ ಚಲೋ ಪ್ರಶ್ನಿ. ನಿನಗೇನ ಅನಸ್ತೈತವ್ವಾ?" ಎಂದೆ.

ಅವಳು ಗಾಬರಿಯಾಗಿ ಟೀಚರ್ ಕಡೆ ನೋಡಿದಳು. "ನನಗ ಪ್ರಶ್ನಿ ಅಷ್ಟ ಕೊಟ್ಟಾರ್ರಿ. ಉತ್ತರ ನಮ್ಮ ಗೆಳತಿಗೆ ಕೊಟ್ಟಾರ. ಅಕಿ ಇವತ್ತು ಮೊಗ್ಗು ಬಿಡಸಾಕ ಹೋಗ್ಯಾಳ."

ಟೀಚರ್ ಗೋಡೆಯ ನಕ್ಷೆಯಲ್ಲಿ ಯಾವುದೋ ದೇಶ ಹುಡುಕತೊಡಗಿದರು. ಸಿಟ್ಟು, ದುಃಖ ಎರಡನ್ನೂ ನುಂಗಿಕೊಂಡು ಹೇಳಿದೆ: "ಅದು ಹೋಗ್ಲಿ ಬಿಡವ್ವಾ. ಯಾರೂ ಹೇಳಿಕೊಡದ್ದು, ನಿನಗ ಖರೇನ ತಿಳಕೋಬೇಕು ಅನ್ನಿಸಿದ್ದು ಒಂದ ಕೇಳು."

ಹೊರಗಿನಿಂದ ಬಿಸಿಯೂಟದ ಸಾರಿನ ವಾಸನೆ ಬರುತ್ತಿತ್ತು. ಹುಡುಗಿ ಬಾಗಿಲು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಹಿಂದಿನ ಸಾಲಿನವರು ಆಗಲೇ ತಟ್ಟೆ ಕೈಗೆತ್ತಿಕೊಂಡಿದ್ದರು.

"ಸರ್, ನೀವು ಯಾವಾಗ ಹೋಗ್ತೀರಿ?"